ಬ್ಲಾಕ್ ಎಲ್ಲಿದೆ ಅಂತ ಕೇಳಿ

ಅಕ್ಕನ ಫೈಲಿನಲ್ಲಿ ಒಂದು ಸಣ್ಣ ಕವರ್ ಇದೆ. ಒಳಗೆ ಮೇಣದ ಒಂದು ಬಿಲ್ಲೆ. ಹಿಂದೆ ಪ್ಲಾಸ್ಟಿಕ್, ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಮೇಣದ ನಡುವೆ ಕಂದು ಬಣ್ಣದ ಚೂರು. ಅಕ್ಕನ ಅಂಡಾಶಯದಿಂದ ತೆಗೆದ ಗಡ್ಡೆಯ ತುಣುಕು ಅದು. ಆಸ್ಪತ್ರೆಯಲ್ಲಿ ಇದಕ್ಕೆ ಬ್ಲಾಕ್ ಅನ್ನುತ್ತಾರೆ.

ಆಪರೇಷನ್ ಆಯ್ತು, ಆರು ಕೀಮೋ ಮುಗೀತು. ಒಂದೂವರೆ ವರ್ಷಕ್ಕೆ ಕಾಯಿಲೆ ಮತ್ತೆ ಬಂತು. ಆಗ ಬೇರೆ ಡಾಕ್ಟರೊಬ್ಬರು ಕೇಳಿದರು, "ಬಿಆರ್‌ಸಿಎ ಟೆಸ್ಟ್ ಮಾಡಿಸಿದ್ರಾ?" ನಾವು ಆ ಹೆಸರನ್ನೇ ಕೇಳಿರಲಿಲ್ಲ. ಮೊದಲು ತೋರಿಸಿದ ಕಡೆ ಯಾರೂ ಹೇಳಿರಲಿಲ್ಲ. ಬ್ಲಾಕ್ ಮಾತ್ರ ಅಲ್ಲೇ ಕಪಾಟಿನಲ್ಲಿ ಸುಮ್ನೆ ಕೂತಿತ್ತು. ಅರ್ಜಿ ಬರೆದುಕೊಟ್ಟು ನಾನೇ ಹೋಗಿ ತಂದೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಜೀವಕೋಶದ ಡಿಎನ್‌ಎ ದಿನಾ ಅಲ್ಲಲ್ಲಿ ಹರಿಯುತ್ತಿರುತ್ತದೆ, ದೇಹ ಹೊಲಿದುಕೊಳ್ಳುತ್ತಿರುತ್ತದೆ. ದೊಡ್ಡ ಹರಕನ್ನು ಸರಿಯಾಗಿ ಹೊಲಿಯಲು ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳು ಬೇಕು. ಅವು ಕೆಟ್ಟಿರುವ ಕ್ಯಾನ್ಸರ್ ಕೋಶ ಪಾರ್ಪ್ ಅನ್ನುವ ಇನ್ನೊಂದು ದಾರಿಯನ್ನು ನೆಚ್ಚಿಕೊಂಡು ಬದುಕುತ್ತದೆ. ಒಲಾಪರಿಬ್ ಮಾತ್ರೆ ಆ ದಾರಿಯನ್ನೂ ಮುಚ್ಚುತ್ತದೆ. ಕೋಶ ಸಾಯುತ್ತದೆ.

ಕೀಮೋಗೆ ಗಡ್ಡೆ ಕರಗಿದ ಮೇಲೆ, ಮೊದಲ ಸುತ್ತಿನಲ್ಲೇ, ಈ ಮಾತ್ರೆ ಎರಡು ವರ್ಷ ಕೊಟ್ಟು ನೋಡಿದ ಸೋಲೋ-1 ಅಧ್ಯಯನ 2018ರಲ್ಲಿ ಹೊರಬಂತು. ಎಲ್ಲರೂ ಬಿಆರ್‌ಸಿಎ ದೋಷ ಇದ್ದು, ಕಾಯಿಲೆ ಮುಂದುವರಿದಿದ್ದ ಹೆಂಗಸರು. ಏಳು ವರ್ಷದ ಹೊತ್ತಿಗೆ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 67 ಮಂದಿ ಬದುಕಿದ್ದರು. ಔಷಧಿ ಇಲ್ಲದ ಮಾತ್ರೆ ತಗೊಂಡವರಲ್ಲಿ 47ರ ಹತ್ತಿರ. ಆ ಇಪ್ಪತ್ತು ಜನರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಒಂದೂವರೆ ವರ್ಷ ಎಲ್ಲಿ ಹೋಯ್ತು?

ಅದಕ್ಕೇ ಹೇಳುವುದು, ಕಾಯಿಲೆ ಮರಳಿದ ಮೇಲೆ ಅಲ್ಲ, ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ವಾರವೇ ಕೇಳಿ. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ ಅಂತ ಬಿಡಬೇಡಿ, ನಮ್ಮಲ್ಲೂ ಇರಲಿಲ್ಲ. ರಕ್ತದ ಟೆಸ್ಟ್ ಹುಟ್ಟಿನಿಂದ ಬಂದ ದೋಷವನ್ನು ಹೇಳುತ್ತದೆ. ಗಡ್ಡೆಯಲ್ಲಿ ಮಾತ್ರ ಆದ ಬದಲಾವಣೆಗೆ ಬ್ಲಾಕ್ ಬೇಕು. ಬಿಆರ್‌ಸಿಎ ಸರಿಯಿದ್ದರೆ, ಗಡ್ಡೆಯಲ್ಲಿ ಆ ಹೊಲಿಗೆ ಬೇರೆ ಕಾರಣಕ್ಕೆ ಕೆಟ್ಟಿದೆಯೇ ಅಂತ ನೋಡುವ ಎಚ್‌ಆರ್‌ಡಿ ಅನ್ನುವ ಟೆಸ್ಟ್ ಇದೆ, ಅದರಿಂದಲೂ ಕೆಲವರಿಗೆ ದಾರಿ ಸಿಗುತ್ತದೆ. ಖರ್ಚು ಜಾಸ್ತಿ, ನಿಜ. ಹಾಗಂತ ಡಾಕ್ಟರೇ ಮನಸ್ಸಿನಲ್ಲಿ ಲೆಕ್ಕ ಹಾಕಿ "ಇವರ ಕೈಲಾಗಲ್ಲ" ಅಂತ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಹೇಳಲಿ. ಬಳೆ ಮಾರುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.

ಅಕ್ಕನ ರಿಪೋರ್ಟಿನಲ್ಲಿ ಬಿಆರ್‌ಸಿಎ1 ದೋಷ ಅಂತ ಬಂತು. ಮತ್ತೆ ಕೀಮೋ ಆಗಿ, ಈಗ ಬೆಳಗ್ಗೆ ಎರಡು, ರಾತ್ರಿ ಎರಡು ಮಾತ್ರೆ ನುಂಗುತ್ತಾಳೆ. ಸುಸ್ತು ಇದೆ, ರಕ್ತ ಕಮ್ಮಿಯಾಗುತ್ತದೆ. ಆದರೂ ಮೊನ್ನೆ ಹಪ್ಪಳ ಒತ್ತಲು ಕೂತಿದ್ದಳು.

ನಾನೂ ಟೆಸ್ಟ್ ಮಾಡಿಸಿದೆ, ನನಗಿಲ್ಲ. ತಮ್ಮ ಮಾತ್ರ "ಹೆಂಗಸರ ಕಾಯಿಲೆ, ನಂಗ್ಯಾಕೆ?" ಅಂತಿದ್ದ. ಗಂಡಸರಿಗೂ ಈ ಜೀನ್ ಬರುತ್ತದೆ, ಬಂದಿದ್ದರೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅಕ್ಕನೇ ಕೂರಿಸಿಕೊಂಡು ಹೇಳಿದಳು. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಸೋಮವಾರ ರಕ್ತ ಕೊಟ್ಟು ಬಂದ.