ಲೋಡ್ ಹಾಕಿ ಆವರೇಜ್ ಹೇಳ್ರಿ

ಮಾಲು ಸಾಗಿಸುವ ಗಾಡಿ ಕೊಳ್ಳಲು ಹೊರಟ ಹುಡುಗರು ಶೋರೂಮಿನಲ್ಲಿ ಮೊದಲು ಕೇಳುವುದು ‘ಆವರೇಜ್ ಎಷ್ಟ ಕೊಡತೈತ್ರಿ?’ ಅಂತ, ಅಂದರೆ ಲೀಟರಿಗೋ ಕೆ.ಜಿ.ಗೋ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ. ಉತ್ತರ ತಯಾರೇ ಇರುತ್ತದೆ. ಅದು ಎಷ್ಟು ಲೋಡಿಗೆ, ಯಾವ ರಸ್ತೆಗೆ, ಎಷ್ಟು ಸ್ಪೀಡಿಗೆ ಅಂತ ಕೇಳುವವರು ಕಡಿಮೆ. ತಾವಾಗಿ ಹೇಳುವವರು ಇನ್ನೂ ಕಡಿಮೆ. ಬಾಡಿಗೆ ಹೊಡೆದು ಸಂಸಾರ ನಡೆಸುವವನಿಗೆ ಖಾಲಿ ಗಾಡಿಯ ಆವರೇಜ್ ತಗೊಂಡು ಆಗಬೇಕಾದ್ದೇನು? ಖಾಲಿ ಗಾಡಿಗೆ ಯಾರೂ ಬಾಡಿಗೆ ಕೊಡುವುದಿಲ್ಲ.

ಇದನ್ನು ಈಗ ಬರೆಯಲು ಕಾರಣ ನನ್ನ ಅಕ್ಕನ ಮಗ. ತಿಕೋಟಾ ಕಡೆಯ ದ್ರಾಕ್ಷಿ, ನಮ್ಮ ಜಮಖಂಡಿ ಸುತ್ತಲಿನ ಕಾಯಿಪಲ್ಲೆ ಹೇರಿಕೊಂಡು ಬೆಳಗಾವಿ ಮಾರ್ಕೆಟ್ಟಿಗೆ ಹೋಗಬೇಕು, ಅಲ್ಲಿಂದ ಬಾಡಿಗೆ ಸಿಕ್ಕರೆ ಗೋವಾಕ್ಕೂ ಇಳಿಯಬೇಕು ಅನ್ನುವುದು ಅವನ ವಿಚಾರ. ‘ಮಾಮಾ, ಗ್ಯಾಸಿನ ಗಾಡಿ ಕಿಲೋಮೀಟರಿಗೆ ನಾಕ ರೂಪಾಯ್ದಾಗ ಓಡತೈತಂತ. ಡೀಸೆಲ್ ಯಾಕ ಬೇಕು?’ ಅಂದ. ‘ಖಾಲಿ ಓಡಸಾವ್ರಿಗೆ ಖರೆ ಐತಿ. ನೀ ಖಾಲಿ ಓಡಸಾಂವ ಏನ?’ ಅಂತ ಕೇಳಿ, ಕಾಗದ ಪೆನ್ನು ತರಿಸಿದೆ.

ಆ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ. ಅಂಕಿಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಊರಿನ ದರ, ನಿಮ್ಮ ಗಾಡಿಯ ಆವರೇಜ್ ಹಾಕಿಕೊಂಡು ನೋಡಿ. ಡೀಸೆಲ್ ಲೀಟರಿಗೆ 90 ರೂಪಾಯಿ, ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಅನಿಲ, ಇಲ್ಲಿ ಗ್ಯಾಸು ಅಂದರೆ ಇದೇ) ಕೆ.ಜಿ.ಗೆ 85 ರೂಪಾಯಿ ಅಂತ ಹಿಡಿಯೋಣ. ಮುಕ್ಕಾಲು ಟನ್ ಹೊರುವ ಸಣ್ಣ ಗ್ಯಾಸ್ ಗಾಡಿ ಖಾಲಿ ಇದ್ದಾಗ ಕೆ.ಜಿ.ಗೆ 20 ಕಿ.ಮೀ., ಲೋಡಿಗೆ 16. ಒಂದೂವರೆ ಟನ್ ಹೊರುವ ಡೀಸೆಲ್ ಪಿಕಪ್ ಖಾಲಿ ಇದ್ದಾಗ ಲೀಟರಿಗೆ 15, ಲೋಡಿಗೆ 12. ಈಗ ಒಂದೂವರೆ ಟನ್ ಮಾಲನ್ನು ನೂರು ಕಿಲೋಮೀಟರ್ ದೂರ ಮುಟ್ಟಿಸಿ ಖಾಲಿ ಬರಬೇಕು. ಡೀಸೆಲ್ ಗಾಡಿ ಒಂದು ಖೇಪಿನಲ್ಲಿ ಮುಗಿಸುತ್ತದೆ. ಹೋಗುವಾಗ ಎಂಟೂಕಾಲು ಲೀಟರ್ ಚಿಲ್ಲರೆ, ಬರುವಾಗ ಆರೂಮುಕ್ಕಾಲು ಲೀಟರಿಗೆ ತುಸು ಕಡಿಮೆ, ಒಟ್ಟು 15 ಲೀಟರ್, 1350 ರೂಪಾಯಿ. ಸಣ್ಣ ಗ್ಯಾಸ್ ಗಾಡಿ ಎರಡು ಖೇಪು ಹೊಡೆಯಬೇಕು. ಒಂದು ಖೇಪಿಗೆ ಹನ್ನೊಂದೂಕಾಲು ಕೆ.ಜಿ., ಎರಡಕ್ಕೆ ಇಪ್ಪತ್ತೆರಡೂವರೆ, ಅಂದರೆ 1900 ರೂಪಾಯಿಯ ಮೇಲೆ. ಕಿಲೋಮೀಟರಿಗೆ ಅಗ್ಗ ಬಿದ್ದ ಗಾಡಿ ಟನ್ನಿಗೆ ತುಟ್ಟಿ ಬಿತ್ತು. ಡ್ರೈವರ್ ಪಗಾರ, ಟಯರ್ ಸವೆತ, ಅರ್ಧ ದಿನದ ಬಾಡಿಗೆ ಹೋದದ್ದು ಬೇರೆ.

ಅದೇ ಹುಡುಗ ದಿನಾಲು ಅರ್ಧ ಟನ್ ಮಾಲು ಮಾತ್ರ ಒಯ್ಯುವವನಾಗಿದ್ದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಡೀಸೆಲ್ ಪಿಕಪ್ ಮೂರರಲ್ಲಿ ಎರಡು ಪಾಲು ಖಾಲಿ ಓಡುತ್ತದೆ, ತನ್ನ ಭಾರವನ್ನೇ ತಾನು ಹೊತ್ತುಕೊಂಡು ತಿರುಗುತ್ತದೆ. ಅಲ್ಲಿ ಸಣ್ಣ ಗ್ಯಾಸ್ ಗಾಡಿಯೇ ಸರಿ. ಬೆಳಗಾವಿಯ ಓಣಿಗಳಲ್ಲಿ ಸಿಲಿಂಡರ್, ನೀರಿನ ಕ್ಯಾನ್, ಬೇಕರಿ ಮಾಲು ಹಂಚುವವರಿಗೆ ಡೀಸೆಲ್ ಬೇಡವೇ ಬೇಡ ಅಂತ ನಾನೇ ಹೇಳುತ್ತೇನೆ. ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದದ್ದು 2020ರ ಏಪ್ರಿಲ್‌ನಲ್ಲಿ. ಆಮೇಲಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡಬೇಕು. ಎರಡು ಕಿಲೋಮೀಟರ್ ಹೋಗು, ನಿಲ್ಲು, ಮತ್ತೆ ಹೋಗು ಅನ್ನುವ ಕೆಲಸಕ್ಕೆ ಹಾಕಿದರೆ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ, ಗ್ಯಾರೇಜ್ ಖರ್ಚು ಶುರುವಾಗುತ್ತದೆ.

‘ಇದು ಗಾಡಿಯ ಸೈಜಿನ ಮಾತಾಯಿತು, ಡೀಸೆಲ್ಲೋ ಗ್ಯಾಸೋ ಅನ್ನುವ ಮಾತಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತೀರಿ. ಸರಿಯಾದ ಮಾತು. ಒಂದೇ ಸೈಜಿನ ಪಿಕಪ್ ಈಗ ಎರಡರಲ್ಲೂ ಸಿಗುತ್ತದೆ. ಅದನ್ನೂ ನೋಡೋಣ, ಮುಖ್ಯ ಇರುವುದೇ ಇಲ್ಲಿ.

ನಮ್ಮ ಜನ ಕೆ.ಜಿ.ಗೆ ಇಷ್ಟು ಕಿಲೋಮೀಟರ್ ಅನ್ನುವುದನ್ನೂ ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನುವುದನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಒಂದು ಕೆ.ಜಿ. ಸಿಎನ್‌ಜಿಯಲ್ಲಿ ಇರುವ ಶಾಖ ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು. ಹಾಗಾದರೆ ಇಂಜಿನ್‌ಗಳು ಒಂದೇ ತರ ಕೆಲಸ ಮಾಡುವುದಾದರೆ ಕೆ.ಜಿ. ಗ್ಯಾಸಿಗೆ ಗಾಡಿ ಲೀಟರ್ ಡೀಸೆಲಿಗಿಂತ ಮೂರನೇ ಒಂದು ಪಾಲು ಹೆಚ್ಚು ದೂರ ಹೋಗಬೇಕು. ತುಂಬಿದ ಲೋಡಿಗೆ ಹೋಗುತ್ತದೆಯೇ? ಎರಡೂ ಗಾಡಿ ಇಟ್ಟುಕೊಂಡ ನನ್ನ ಪರಿಚಯದ ಬಾಡಿಗೆಯವರು ಹೇಳುವುದು, ಏರು ಇರುವ ರಸ್ತೆಯಲ್ಲಿ ಕೆ.ಜಿ.ಗೂ ಲೀಟರಿಗೂ ಕಿಲೋಮೀಟರ್ ಹೆಚ್ಚುಕಡಿಮೆ ಸಮಾ ಬೀಳುತ್ತದೆ ಅಂತಲೇ. ಹೆಚ್ಚಿದ್ದ ಆ ಪಾಲು ಇಂಜಿನ್ ಒಳಗೇ ಬಿಸಿಯಾಗಿ ಹೋಗುತ್ತದೆ.

ಯಾಕೆ ಅಂದರೆ, ಡೀಸೆಲ್ ಇಂಜಿನ್ ಗಾಳಿಯನ್ನು 15ರಿಂದ 20 ಪಟ್ಟು ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಎಣ್ಣೆ ಹೊತ್ತಿಸುತ್ತದೆ. ಪೆಟ್ರೋಲ್ ಇಂಜಿನ್ ಒತ್ತುವುದು ಸುಮಾರು 9ರಿಂದ 12 ಪಟ್ಟು, ಅದಕ್ಕಿಂತ ಹೆಚ್ಚು ಒತ್ತಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿ ಇಂಜಿನ್ ಬಡಿಯಲು ಶುರುಮಾಡುತ್ತದೆ. ಹೆಚ್ಚು ಒತ್ತಿದಷ್ಟೂ ಅದೇ ಶಾಖದಿಂದ ಹೆಚ್ಚು ಕೆಲಸ ಸಿಗುತ್ತದೆ. ಗ್ಯಾಸು ಅಷ್ಟು ಬೇಗ ಬಡಿಯುವುದಿಲ್ಲ, ಅದನ್ನು ಇನ್ನೂ ಹೆಚ್ಚು ಒತ್ತಬಹುದು. ಆದರೆ ನಮ್ಮಲ್ಲಿ ಬರುವ ಸಣ್ಣ ಗಾಡಿಗಳಲ್ಲಿ ಬಹಳಷ್ಟು ಗ್ಯಾಸ್ ಮುಗಿದರೆ ಪೆಟ್ರೋಲ್ ಮೇಲೂ ಓಡಬೇಕು, ಹಾಗಾಗಿ ಇಂಜಿನ್ ಪೆಟ್ರೋಲಿನ ಲೆಕ್ಕಕ್ಕೇ ಮಾಡಿದ್ದು. ಗ್ಯಾಸಿನ ಒಳ್ಳೆಯ ಗುಣ ಇದ್ದೂ ಉಪಯೋಗಕ್ಕೆ ಬಾರದೆ ಹೋಗುತ್ತದೆ. ಅದರ ಮೇಲೆ ಗ್ಯಾಸು ಇಂಜಿನ್ನಿನ ಸಿಲಿಂಡರಿನೊಳಗೆ ಗಾಳಿಯ ಜಾಗ ಸ್ವಲ್ಪ ತಿನ್ನುತ್ತದೆ, ಅದೇ ಇಂಜಿನ್ ಪೆಟ್ರೋಲ್ ಮೇಲೆ ಕೊಡುವ ತಾಕತ್ತಿನಲ್ಲಿ ನೂರಕ್ಕೆ ಹತ್ತರಷ್ಟು ಕಳೆದುಕೊಳ್ಳುತ್ತದೆ. ಖಾಲಿ ಇದ್ದಾಗ ಇದು ಗೊತ್ತೂ ಆಗುವುದಿಲ್ಲ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ ತುಂಬಿದ ಗಾಡಿ ಹತ್ತಿಸಿದಾಗ ಗೊತ್ತಾಗುತ್ತದೆ. ಮೂರನೇ ಗೇರಿನಲ್ಲಿ ಜಗ್ಗುವುದಿಲ್ಲ, ಎರಡಕ್ಕೆ ಇಳಿಸಬೇಕು, ಇಂಜಿನ್ ಕಿರುಚಿಕೊಂಡು ತಿರುಗುತ್ತದೆ, ಉಳಿತಾಯ ಅಂತ ಲೆಕ್ಕ ಹಾಕಿದ್ದು ಅಲ್ಲೇ ಸೋರುತ್ತದೆ. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಡೀಸೆಲ್ ಎರಡು ಸಾವಿರ ಆರ್‌ಪಿಎಮ್ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ದಾಟದೆ ಅದೇ ಏರು ಹತ್ತುತ್ತದೆ.

ಇದನ್ನು ಕಣ್ಣಿಂದ ನೋಡಬೇಕಾದರೆ ಕಬ್ಬಿನ ಸೀಜನ್ನಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಕಡೆ ಯಾವುದಾದರೂ ಫ್ಯಾಕ್ಟರಿ ರಸ್ತೆಗೆ ಬಂದು ನಿಲ್ಲಿ. ಎರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರಿನ ಇಂಜಿನ್ 45–50 ಎಚ್‌ಪಿಯದು. ಪೇಟೆಯಲ್ಲಿ ಓಡಾಡುವ ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ 80–90 ಎಚ್‌ಪಿ. ಅಂಕಿ ನೋಡಿದರೆ ಕಾರೇ ದೊಡ್ಡದು. ಆದರೆ ಕಾರು ಆ ಎಚ್‌ಪಿ ಕೊಡುವುದು ಇಂಜಿನ್ ಆರು ಸಾವಿರ ಆರ್‌ಪಿಎಮ್ ತಿರುಗಿದಾಗ. ಟ್ರ್ಯಾಕ್ಟರು ಎರಡು ಸಾವಿರದ ಆಸುಪಾಸಿನಲ್ಲೇ ಕೊಡುತ್ತದೆ. ತಿರುಚುವ ಬಲ, ಟಾರ್ಕ್ ಅಂತೀವಲ್ಲ, ಕಾರಿನದು ಸುಮಾರು 110 ನ್ಯೂಟನ್ ಮೀಟರ್, ಟ್ರ್ಯಾಕ್ಟರಿನದು ಸುಮಾರು 160. ಅದರ ಮೇಲೆ ಗೇರುಗಳ ಬಲ. ಹಸಿ ಹೊಲದ ಬದುವಿನಿಂದ ತುಂಬಿದ ಟ್ರೇಲರ್ ಡಾಂಬರಿಗೆ ಹತ್ತಿಸುವ ಆ ಒಂದು ಕ್ಷಣ ನೋಡಿ: ಡ್ರೈವರ್ ಕ್ಲಚ್ ಬಿಡುತ್ತಾನೆ, ಹೊಗೆಕೊಳವೆಯಿಂದ ಒಂದು ಕರಿ ಉಂಡೆ ಏಳುತ್ತದೆ, ಇಂಜಿನ್ ಸದ್ದು ಕುಗ್ಗಿ ಇನ್ನೇನು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಹಿಂದಿನ ಟ್ರೇಲರ್ ಮೆಲ್ಲಗೆ ಅಲ್ಲಾಡುತ್ತದೆ. (ಆ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಹಚ್ಚಿ ಅಂತ ಪ್ರತಿ ಸೀಜನ್ನಿಗೂ ಹೇಳಬೇಕಾಗುತ್ತದೆ. ಈ ಸಲವೂ ಹೇಳುತ್ತಿದ್ದೇನೆ, ದಯಮಾಡಿ ಹಚ್ಚಿ. ಕತ್ತಲಲ್ಲಿ ಬೈಕಿನವರ ಜೀವ ಹೋಗುತ್ತದೆ.) 2021ರ ಫೆಬ್ರವರಿಯಲ್ಲಿ ನಿತಿನ್ ಗಡ್ಕರಿಯವರು ಡೀಸೆಲ್‌ನಿಂದ ಸಿಎನ್‌ಜಿಗೆ ಬದಲಿಸಿದ ಟ್ರ್ಯಾಕ್ಟರ್ ಒಂದನ್ನು ಬಿಡುಗಡೆ ಮಾಡಿದ್ದರು. ನಮ್ಮ ಸುತ್ತಲಿನ ಹೊಲಗಳಲ್ಲಿ ನಾನಂತೂ ಅಂಥದ್ದನ್ನು ಕಂಡಿಲ್ಲ. ತೋಟದ ವಸ್ತಿಯಿಂದ ಗ್ಯಾಸ್ ಬಂಕಿಗೆ ಹೋಗಿ ಬರುವುದರಲ್ಲೇ ಅರ್ಧ ಗ್ಯಾಸ್ ತೀರಿದರೆ ರೈತ ಏನು ಮಾಡಬೇಕು?

ಬಂಕಿನ ಮಾತು ಸಣ್ಣದಲ್ಲ. ದಾಭೋಲ್–ಬೆಂಗಳೂರು ಗ್ಯಾಸ್ ಪೈಪ್‌ಲೈನ್ ಬೆಳಗಾವಿ ಮೇಲೆಯೇ ಹಾದುಹೋಗುತ್ತದೆ, ಹಾಗಾಗಿ ಬೆಳಗಾವಿಯವರಿಗೆ ಅನುಕೂಲ. ಹಳ್ಳಿ ರೂಟಿನವರಿಗೆ ಹಾಗಲ್ಲ, ಬಂಕ್ ಎಲ್ಲಿದೆ ನೋಡಿಕೊಂಡು ಖೇಪು ಹಾಕಬೇಕಾಗುತ್ತದೆ. ಇನ್ನೊಂದು ಮಾತು ಬೇಸಿಗೆಯದು. ಗ್ಯಾಸ್ ತುಂಬುವುದು 200 ಬಾರ್ ಒತ್ತಡಕ್ಕೆ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು. ಭರಭರ ತುಂಬಿದಾಗ ಸಿಲಿಂಡರ್ ಒಳಗೆ ಗ್ಯಾಸು ಕಾಯುತ್ತದೆ, ಕಾದಾಗ ಒತ್ತಡ ಬೇಗ ಏರುತ್ತದೆ, ಕಡಿಮೆ ಕೆ.ಜಿ.ಗೇ ಮಷೀನ್ ನಿಲ್ಲುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ತುಂಬಿಸುವವರಿಗೆ ಇದು ಚೆನ್ನಾಗಿ ಗೊತ್ತು. ಟಾಕಿಯ ಮುಳ್ಳು ನೋಡಿ ಆವರೇಜ್ ಲೆಕ್ಕ ಹಾಕಬೇಡಿ, ರಸೀದಿಯಲ್ಲಿ ಬರೆದ ಕೆ.ಜಿ. ಹಿಡಿಯಿರಿ. ಹತ್ತು ಕೆ.ಜಿ. ಗ್ಯಾಸು ಹಿಡಿಸುವ ಉಕ್ಕಿನ ಸಿಲಿಂಡರ್ ಖಾಲಿ ಇದ್ದಾಗಲೇ ಐವತ್ತು ಕೆ.ಜಿ.ಯ ಮೇಲೆ ತೂಗುತ್ತದೆ ಅನ್ನುವುದೂ ನೆನಪಿರಲಿ. ಆ ಭಾರಕ್ಕೆ ಬಾಡಿಗೆ ಇಲ್ಲ.

ಗೋವಾ ರೂಟು ಹೊಡೆಯುವವರ ಲೆಕ್ಕ ಬೇರೆಯೇ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಗಾಡಿ ತುಂಬಿರುತ್ತದೆ, ಹತ್ತಿ ಬರುವಾಗ ಖಾಲಿ. ಹಾಗಾಗಿ ಘಾಟಿನಲ್ಲಿ ಡೀಸೆಲ್ಲಿನ ಜಗ್ಗುವ ಬಲ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಬದಲಿಗೆ ಇಳಿಜಾರಿನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಪ್ರಶ್ನೆ ದೊಡ್ಡದು. ಕಾಲು ತೆಗೆದಾಗ ಪೆಟ್ರೋಲ್, ಗ್ಯಾಸ್ ಇಂಜಿನ್ನಿನ ಗಾಳಿದಾರಿ ಮುಚ್ಚಿಕೊಳ್ಳುತ್ತದೆ, ಇಂಜಿನ್ ತಾನೇ ಗಾಡಿಯನ್ನು ತಡೆಯುತ್ತದೆ. ಡೀಸೆಲ್‌ನಲ್ಲಿ ಆ ತಡೆ ಕಡಿಮೆ, ಅದಕ್ಕೇ ದೊಡ್ಡ ಲಾರಿಗಳಿಗೆ ಹೊಗೆದಾರಿ ಮುಚ್ಚಿ ಇಂಜಿನ್ ತಡೆಯುವ ಎಕ್ಸಾಸ್ಟ್ ಬ್ರೇಕ್ ಇರುವುದು. ಸಣ್ಣ ಡೀಸೆಲ್ ಪಿಕಪ್ಪಿನವರು ಚೋರ್ಲಾ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು. ಎಣ್ಣೆ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡುವುದಂತೂ ಕೊಲೆಗೆ ಸಮ. ಗೇರಿನಲ್ಲಿ ಕಾಲು ತೆಗೆದಾಗ ಈಗಿನ ಇಂಜಿನ್ನಿಗೆ ಎಣ್ಣೆಯೇ ಹೋಗುವುದಿಲ್ಲ, ನ್ಯೂಟ್ರಲ್ಲಿನಲ್ಲಿ ಹೋಗುತ್ತದೆ. ಅಂದರೆ ಅದರಲ್ಲಿ ಉಳಿತಾಯವೂ ಇಲ್ಲ.

ಅಮೆರಿಕದಲ್ಲಿ ಇದೇ ವಾದ ಪೆಟ್ರೋಲ್ ಪಿಕಪ್ ಮತ್ತು ಡೀಸೆಲ್ ಪಿಕಪ್ ನಡುವೆ ನಡೆಯುತ್ತದೆ. ಅಲ್ಲಿ ಗಾಡಿಯ ಹಿಂದೆ ಕುದುರೆ ಟ್ರೇಲರ್, ದೋಣಿ, ಗಾಲಿಯ ಮೇಲಿನ ಮನೆ ಕಟ್ಟಿ ಎಳೆಯುತ್ತಾರೆ. ನಮ್ಮಲ್ಲಿ ಡೀಸೆಲ್ ಪೆಟ್ರೋಲಿಗಿಂತ ಅಗ್ಗ, ಅಲ್ಲಿ ಸಾಮಾನ್ಯವಾಗಿ ಡೀಸೆಲ್ಲೇ ತುಟ್ಟಿ, ದೊಡ್ಡ ಪಿಕಪ್ಪಿಗೆ ಡೀಸೆಲ್ ಇಂಜಿನ್ ಬೇಕೆಂದರೆ ಸಾವಿರಾರು ಡಾಲರ್ ಹೆಚ್ಚಿಗೆ ಕೊಡಬೇಕು. ಆದ್ದರಿಂದ ವರ್ಷಕ್ಕೆ ನಾಲ್ಕು ಸಲ ಎಳೆಯುವವನಿಗೆ ಅಲ್ಲಿ ಪೆಟ್ರೋಲ್ ಗಾಡಿಯೇ ಗಿಟ್ಟುತ್ತದೆ, ದಿನಾಲು ಎಳೆಯುವವನಿಗೆ ಡೀಸೆಲ್. ಆದರೆ ಒಂದು ಮಾತು ಅಲ್ಲಿಯೂ ಹಾಗೇ ಇದೆ: ಶೋರೂಮಿನಲ್ಲಿ ಅಂಟಿಸುವ ಆವರೇಜ್ ಚೀಟಿ ಟ್ರೇಲರ್ ಕಟ್ಟಿ ತೆಗೆದದ್ದಲ್ಲ. ಲೋಡ್ ಸೇರಿ 8,500 ಪೌಂಡ್, ಅಂದರೆ ಸುಮಾರು 3,850 ಕೆ.ಜಿ. ಮೀರುವ ಪಿಕಪ್ಪುಗಳಿಗೆ ಆ ಚೀಟಿಯೇ ಕಡ್ಡಾಯವಲ್ಲ. ಅತಿ ಹೆಚ್ಚು ಎಳೆಯುವ ಗಾಡಿಗೇ ಅಂಕಿ ಇಲ್ಲ.

ನಿಮ್ಮ ಗಾಡಿಯ ನಿಜವಾದ ಆವರೇಜ್ ನೀವೇ ತೆಗೆಯಬೇಕು. ಲೋಡ್ ಹಾಕಿ, ತೂಕದ ಚೀಟಿ ತಗೊಂಡು, ಟಾಕಿ ಫುಲ್ ಮಾಡಿಸಿ ಹೊರಡಿ. ಮಾಲು ಇಳಿಸಿದ ಊರಿನಲ್ಲಿ ಮತ್ತೆ ಫುಲ್ ಮಾಡಿಸಿ. ಆ ಲೀಟರಿನಿಂದ ಕಿಲೋಮೀಟರ್ ಭಾಗಿಸಿದರೆ ಲೋಡಿನ ಆವರೇಜ್ ಬಂತು. ಖಾಲಿ ಬಂದದ್ದನ್ನು ಬೇರೆ ಬರೆದಿಡಿ. ಹೂಕೋಸಿನ ಕ್ರೇಟು, ಮೇವು ಎತ್ತರಕ್ಕೆ ಹೇರುವವರು ಸ್ಪೀಡನ್ನೂ ಬರೆಯಿರಿ. 80ರಿಂದ 60ಕ್ಕೆ ಇಳಿದರೆ ಗಾಳಿಯ ತಡೆ ಅರ್ಧದ ಹತ್ತಿರ ಬರುತ್ತದೆ, ಅಂಥ ಗಾಡಿಯಲ್ಲಿ ಡೀಸೆಲ್ ಬಿಟ್ಟು ಗ್ಯಾಸಿಗೆ ಹೋಗುವುದಕ್ಕಿಂತ ಸ್ಪೀಡ್ ಬದಲಿಸಿದ್ದೇ ಹೆಚ್ಚು ಉಳಿಸಬಹುದು. ತೂಕ ಮಾತ್ರ ಆರ್‌ಸಿಯಲ್ಲಿ ಬರೆದಷ್ಟೇ ಇರಲಿ. ಓವರ್‌ಲೋಡಿಗೆ ಈಗ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಒಂದು ಸಲ ಸಿಕ್ಕಿಬಿದ್ದರೆ ಸೀಜನ್ನಿನ ಉಳಿತಾಯ ಹೋಯಿತು, ಪಾಟಾ (ಗಾಡಿಯ ಸ್ಪ್ರಿಂಗ್ ಪಟ್ಟಿ) ಮುರಿದದ್ದು ಬೇರೆ.

ಕಂಪನಿಗಳಿಗೂ ಶೋರೂಮಿನವರಿಗೂ ನನ್ನ ಒತ್ತಾಯ ಒಂದೇ. ಮಾಲಿನ ಗಾಡಿ ಮಾರುವಾಗ ಪೂರ್ತಿ ಲೋಡಿನ ಆವರೇಜ್ ಬರೆದು ಕೊಡಿ, ಟನ್ನಿಗೆ ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಅಂತಲೂ ಬರೆಯಿರಿ. ಸಾಲ ಮಾಡಿ, ಹೆಂಡತಿಯ ಬಂಗಾರ ಅಡವಿಟ್ಟು ಗಾಡಿ ಒಯ್ಯುವ ಹುಡುಗ ಆ ಅಂಕಿಯನ್ನು ನಂಬಿಯೇ ಕಂತು ಕಟ್ಟುತ್ತಾನೆ. ಕೊಳ್ಳುವವರೂ ಖಾಲಿ ಗಾಡಿಯ ಟೆಸ್ಟ್ ಡ್ರೈವಿಗೆ ಒಪ್ಪಬೇಡಿ. ನಿಮ್ಮ ದಿನದ ಲೋಡಿನಷ್ಟೇ ಉಳ್ಳಾಗಡ್ಡಿ ಚೀಲ ಹೇರಿಸಿ, ನೀವು ದಿನಾಲು ಹತ್ತುವ ಏರನ್ನೇ ಹತ್ತಿಸಿ ನೋಡಿ. ಅದಕ್ಕೆ ಒಲ್ಲೆ ಅಂದ ಶೋರೂಮ್ ಬಿಟ್ಟು ಮುಂದಿನದಕ್ಕೆ ನಡೆಯಿರಿ.