ಅರ್ಜಿಯಲ್ಲಿ ಮೊದಲು ಊರಿನ ಹೆಸರು ಕೇಳಿ

ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆಯನ್ನು ಆರಿಸಿದ ಮೇಲೆ ಆ ಜಿಲ್ಲೆಯ ತಾಲ್ಲೂಕುಗಳು, ತಾಲ್ಲೂಕನ್ನು ಆರಿಸಿದ ಮೇಲೆ ಅದರ ಊರುಗಳು ಪಟ್ಟಿಯಲ್ಲಿ ಮೂಡುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಡ್ರಾಪ್‌ಡೌನ್ (ಒತ್ತಿದರೆ ತೆರೆದುಕೊಳ್ಳುವ ಆಯ್ಕೆಪಟ್ಟಿ) ಇನ್ನೊಂದನ್ನು ಅವಲಂಬಿಸುವ ಇಂಥ ಅರ್ಜಿಗಳನ್ನು ವಿಜಯಪುರದಲ್ಲಿದ್ದುಕೊಂಡು ಸಿದ್ಧಪಡಿಸುವ ನನಗೆ, ನಮ್ಮ ಭಾಗದ ಮಟ್ಟಿಗಾದರೂ ಈ ಕ್ರಮವನ್ನು ತಿರುಗಿಸಬೇಕು ಎಂದು ಬಲವಾಗಿ ಅನಿಸುತ್ತದೆ. ಅರ್ಜಿದಾರರು ಊರಿನ ಹೆಸರನ್ನು ಮೊದಲು ಹೇಳಲಿ. ತಾಲ್ಲೂಕು, ಜಿಲ್ಲೆಗಳನ್ನು ಅರ್ಜಿಯೇ ತುಂಬಿಕೊಳ್ಳಲಿ.

ಇದಕ್ಕೆ ಕಾರಣ ನಮ್ಮ ತಾಲ್ಲೂಕುಗಳ ಇತ್ತೀಚಿನ ಚರಿತ್ರೆಯಲ್ಲಿದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಆಮೇಲೆ ಉಳಿದ ವಿಜಯಪುರ ಜಿಲ್ಲೆಯಲ್ಲಿ ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ 5 ತಾಲ್ಲೂಕುಗಳಿದ್ದವು. ಈಗ ಬಬಲೇಶ್ವರ, ತಿಕೋಟಾ, ಚಡಚಣ, ನಿಡಗುಂದಿ, ಕೊಲ್ಹಾರ, ತಾಳಿಕೋಟೆ, ದೇವರ ಹಿಪ್ಪರಗಿ, ಆಲಮೇಲಗಳೂ ಸೇರಿ ಅವು 13 ಆಗಿವೆ. ಬಾಗಲಕೋಟೆ ಜಿಲ್ಲೆಯ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳೂ, ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಕಾಗವಾಡ, ಮೂಡಲಗಿಗಳೂ ಹೀಗೆಯೇ ಹೊಸದಾಗಿ ತಾಲ್ಲೂಕುಗಳಾದವು. ಆಲಮಟ್ಟಿಯ ಒಬ್ಬ ರೈತರ ಹಳೆಯ ಉತಾರದಲ್ಲಿ (ಪಹಣಿಯಲ್ಲಿ) ಬಸವನ ಬಾಗೇವಾಡಿ ತಾಲ್ಲೂಕು ಎಂದೇ ಇರುತ್ತದೆ, ಆದರೆ ಊರು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಅವರು ಕೈಯಲ್ಲಿರುವ ಕಾಗದವನ್ನು ನೋಡಿ ಬಾಗೇವಾಡಿಯನ್ನು ಆರಿಸಿದರೆ ಪಟ್ಟಿಯಲ್ಲಿ ಅವರ ಊರೇ ಇರುವುದಿಲ್ಲ. ತಮ್ಮ ಊರು ಯಾವುದೆಂದು ಚೆನ್ನಾಗಿ ಬಲ್ಲ ಮನುಷ್ಯನಿಗೆ ಆಡಳಿತದ ಗಡಿ ಬದಲಾದದ್ದರ ಲೆಕ್ಕವನ್ನು ಒಪ್ಪಿಸುವಂತೆ ಕೇಳುವುದು ನ್ಯಾಯವಲ್ಲ. ಆ ಲೆಕ್ಕವನ್ನು ಇಟ್ಟುಕೊಳ್ಳಬೇಕಾದದ್ದು ಅರ್ಜಿಯನ್ನು ರೂಪಿಸಿದವರ ಹೊಣೆ.

ಊರಿನ ಹೆಸರಿನ ಮೊದಲ ಎರಡು ಮೂರು ಅಕ್ಷರಗಳನ್ನು ಬರೆದೊಡನೆ ಹೊಂದುವ ಹೆಸರುಗಳು ತಾಲ್ಲೂಕು ಮತ್ತು ಜಿಲ್ಲೆಯ ಸಮೇತ ಕಾಣಿಸಬೇಕು. ಬಾಗೇವಾಡಿ ಎಂದು ಬರೆದವರಿಗೆ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯೂ ಬೆಳಗಾವಿ ತಾಲ್ಲೂಕಿನ ಹಿರೇಬಾಗೇವಾಡಿಯೂ ಒಟ್ಟಿಗೆ ಕಂಡರೆ ಗೊಂದಲಕ್ಕೆ ಎಡೆಯಿರುವುದಿಲ್ಲ. ಒಳಗೆ ಉಳಿಸಿಡುವಾಗ ಮಾತ್ರ ಹೆಸರನ್ನು ನಂಬಬಾರದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಒಂದೊಂದು ಕೋಡ್ ಇದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಗಿ, ಬೆಳಗಾಂ ಬೆಳಗಾವಿಯಾಗಿ ಬದಲಾದಾಗ, ಹೆಸರನ್ನೇ ಕೀಲಿಯಾಗಿ, ಅಂದರೆ ಗುರುತಿಸುವ ಸಂಕೇತವಾಗಿ, ಇಟ್ಟುಕೊಂಡ ದತ್ತಾಂಶದಲ್ಲಿ ಒಂದೇ ಜಿಲ್ಲೆ ಎರಡಾಗಿ ಕಾಣುವ ಅಪಾಯವಿತ್ತು. ಕೋಡ್ ಇಟ್ಟುಕೊಂಡವರಿಗೆ ತೋರಿಸುವ ಹೆಸರನ್ನಷ್ಟೇ ತಿದ್ದಿದರೆ ಸಾಕಿತ್ತು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಸ್ಥಳಾಂತರಗೊಂಡವರ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ಮುಳುಗಿದ ಊರಿನ ಹೆಸರು, ಈಗ ವಾಸಿಸುವ ಪುನರ್ವಸತಿ ಕೇಂದ್ರದ ಹೆಸರು, ಇವೆರಡರಲ್ಲಿ ಯಾವುದನ್ನು ಹುಡುಕಿದರೂ ಅವರಿಗೆ ದಾರಿ ಸಿಗಬೇಕು. ಇಂಥವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದ ವಿಳಾಸಕ್ಕೆ ಸೆಕ್ಟರ್ ಸಂಖ್ಯೆ ಬೇಕು, ಹಳೆಯ ಪಟ್ಟಣದ ವಿಳಾಸಕ್ಕೆ ಅದು ಬೇಡ. ಆದ್ದರಿಂದ ಸೆಕ್ಟರ್ ಪಟ್ಟಿ ನವನಗರವನ್ನು ಆರಿಸಿದವರಿಗೆ ಮಾತ್ರ ತೆರೆದುಕೊಳ್ಳಬೇಕು. ‘ನನ್ನ ಊರು ಪಟ್ಟಿಯಲ್ಲಿಲ್ಲ’ ಎಂಬ ಆಯ್ಕೆಯೂ, ಅದನ್ನು ಒತ್ತಿದವರು ಊರಿನ ಹೆಸರನ್ನು ಬರೆಯಲು ಒಂದು ಜಾಗವೂ ಪ್ರತಿ ಅರ್ಜಿಯಲ್ಲಿ ಇರಲೇಬೇಕು.

ಜಿಲ್ಲೆಯಿಂದಲೇ ಆರಂಭಿಸಬೇಕಾದ ಅರ್ಜಿಗಳೂ ಇರುತ್ತವೆ ಎಂಬುದನ್ನು ಒಪ್ಪುತ್ತೇನೆ. ಅಲ್ಲಿ ನಾನು ಪಟ್ಟು ಹಿಡಿಯುವುದು ಕೆಲವು ವಿಷಯಗಳಿಗೆ. ಕರ್ನಾಟಕದ 31 ಜಿಲ್ಲೆಗಳನ್ನೂ ಅವುಗಳ ತಾಲ್ಲೂಕುಗಳನ್ನೂ ಪುಟದ ಜೊತೆಗೇ ಕಳುಹಿಸಿದರೆ ಭಾರವಾಗುವುದಿಲ್ಲ. 27,000ಕ್ಕೂ ಹೆಚ್ಚಿರುವ ಗ್ರಾಮಗಳನ್ನು ಮಾತ್ರ ತಾಲ್ಲೂಕು ಗೊತ್ತಾದ ಮೇಲೆ ಸರ್ವರ್‌ನಿಂದ ತರಿಸಬೇಕು. ನೆಟ್‌ವರ್ಕ್ ನಿಧಾನವಿರುವ ಕಡೆ ಒಬ್ಬರು ಮೊದಲು ಹುನಗುಂದವನ್ನು, ಕೂಡಲೇ ಮನಸ್ಸು ಬದಲಿಸಿ ಇಳಕಲ್ ಅನ್ನು ಆರಿಸಿದರೆ, ಮೊದಲ ಕೋರಿಕೆಯ ಉತ್ತರ ತಡವಾಗಿ ಬಂದು ಇಳಕಲ್ಲಿನ ಕೆಳಗೆ ಹುನಗುಂದದ ಊರುಗಳು ನಿಲ್ಲುವುದುಂಟು. ಇದನ್ನು ತಪ್ಪಿಸಲು ಜಾವಾಸ್ಕ್ರಿಪ್ಟ್‌ನ ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ಕೋರಿಕೆಯನ್ನು ರದ್ದುಗೊಳಿಸಬೇಕು; ಹೊಸ ಪಟ್ಟಿ ಬರುವವರೆಗೆ ಊರಿನ ಡ್ರಾಪ್‌ಡೌನ್ ಖಾಲಿಯಾಗಿ, ಮುಚ್ಚಿರಬೇಕು. ಬ್ರೌಸರಿನಲ್ಲಿ ಇಷ್ಟೆಲ್ಲ ಮಾಡಿದರೂ, ಬಂದ ಊರು ಆ ತಾಲ್ಲೂಕಿಗೆ ಸೇರಿದ್ದೇ ಎಂಬುದನ್ನು ಸರ್ವರ್ ಮತ್ತೊಮ್ಮೆ ನೋಡಲೇಬೇಕು, ಏಕೆಂದರೆ ಬ್ರೌಸರಿನಿಂದ ಹೊರಡುವ ಮಾಹಿತಿಯನ್ನು ಯಾರು ಬೇಕಾದರೂ ಬದಲಿಸಬಹುದು.

ಪಟ್ಟಿಯ ಅನುಕ್ರಮದ ಬಗ್ಗೆ ಬಹಳ ಕಡಿಮೆ ಜನ ಯೋಚಿಸುತ್ತಾರೆ. ಇಂಗ್ಲಿಷ್ ಕಾಗುಣಿತದ ಪ್ರಕಾರ ಜೋಡಿಸಿದ್ದನ್ನು ಕನ್ನಡ ಅಕ್ಷರಗಳಲ್ಲಿ ತೋರಿಸಿದರೆ ಅಥಣಿ, ಬೈಲಹೊಂಗಲ, ಬೆಳಗಾವಿ, ಚಿಕ್ಕೋಡಿ, ಗೋಕಾಕ ಎಂಬ ಸಾಲು ಬರುತ್ತದೆ, ಮತ್ತು ಕನ್ನಡ ಓದುಗರು ಗೋಕಾಕವನ್ನು ಚಿಕ್ಕೋಡಿಗಿಂತ ಮೇಲೆ ಹುಡುಕಿ ಸೋಲುತ್ತಾರೆ. ಆಯಾ ಭಾಷೆಯ ಕ್ರಮದಲ್ಲಿ ಪದಗಳನ್ನು ಜೋಡಿಸುವ, ಬ್ರೌಸರಿನಲ್ಲೇ ಇರುವ ಇಂಟ್ಲ್ ಕೊಲೇಟರ್‌ಗೆ ಕನ್ನಡವನ್ನು ಸೂಚಿಸಿದರೆ ಕನ್ನಡದ ಕ್ರಮ ತಾನಾಗಿ ಸಿಗುತ್ತದೆ.

ಅರ್ಧಕ್ಕೆ ಉಳಿಸಿದ ಅರ್ಜಿಯನ್ನು ಮತ್ತೆ ತೆರೆದಾಗ ಏನಾಗುತ್ತದೆ ಎಂಬುದನ್ನು ಪರೀಕ್ಷಿಸದೆ ಯಾವ ಅರ್ಜಿಯನ್ನೂ ಜನರ ಕೈಗೆ ಕೊಡಬೇಡಿ ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರಲ್ಲಿ ಕೇಳಿಕೊಳ್ಳುತ್ತೇನೆ. ತಾಲ್ಲೂಕಿನ ಪಟ್ಟಿ ಬಂದು ಹಳೆಯ ಆಯ್ಕೆ ಕೂತ ನಂತರವೇ ಊರಿನ ಪಟ್ಟಿಯನ್ನು ತರಿಸಬೇಕು, ಅದು ಬಂದ ಮೇಲೆಯೇ ಊರನ್ನು ಗುರುತಿಸಬೇಕು. ಈ ಸರದಿ ತಪ್ಪಿದರೆ ಹಿಂದಿನ ದಿನ ಸರಿಯಾಗಿ ತುಂಬಿದ್ದ ಊರು ಮರುದಿನ ಖಾಲಿಯಾಗಿ ಕಾಣುತ್ತದೆ, ಅದನ್ನು ಗಮನಿಸದೆ ಕಳುಹಿಸಿದವರ ಅರ್ಜಿ ತಿರಸ್ಕೃತವಾಗುತ್ತದೆ.