ನಮ್ಮೋರು ಅಂತಲ್ಲ, ಲೆಕ್ಕ ಕೊಡ್ತಾರೆ ಅಂತ ವೋಟು

ಪಂಚಾಯ್ತಿ ಎಲೆಕ್ಷನ್ನಿಗೆ ನಮ್ ವಾರ್ಡಿಂದ ನಿಂತಿರೋ ದೊಡ್ಡಪ್ಪನ ಬಗ್ಗೆ (ಸ್ವಂತ ದೊಡ್ಡಪ್ಪ ಅಲ್ಲ, ಊರೋರೆಲ್ಲ ಹಂಗೇ ಕರೆಯೋದು) ಮೂರು ದಿನದಿಂದ ಫೋನ್ ಮೇಲೆ ಫೋನು. "ನಮ್ಮೋರು ಕಣಪ್ಪ, ಬಂದು ಒಂದ್ ವೋಟ್ ಹಾಕೋಗು" ಅಂತ. ನಾನಿರೋದು ಮಂಡ್ಯ ಟೌನಲ್ಲಿ, ವೋಟು ಮಾತ್ರ ಮದ್ದೂರು ಕಡೆ ನಮ್ಮೂರಲ್ಲೇ ಐತೆ. ಹಾಕೋದೂ ಅವ್ರಿಗೇನೆ. ಆದ್ರೆ ನಮ್ಮೋರು ಅನ್ನೋ ಕಾರಣಕ್ಕಲ್ಲ.

ಒಕ್ಕಲಿಗರ ಮನೆ, ಎರಡೆಕರೆ ಕಬ್ಬು ಭತ್ತ, ಚುಂಚನಗಿರಿ ಮಠಕ್ಕೆ ನಡ್ಕೊಳೋರು, ಮಾರಿಹಬ್ಬದಲ್ಲಿ ಡೀಜೆ ಬೇಡ ತಮಟೆ ಸಾಕು ಅಂತ ಹುಡುಗ್ರ ಹತ್ರ ಬೈಸ್ಕೊಂಡೋರು. ಹಳೇ ಕಾಲದ ಮನುಷ್ಯ ಅಂತಾರೆ, ನಿಜವೇ. ಆದ್ರೆ ನನ್ನ ಕಣ್ಣಿಗೆ ಅವ್ರ ಹಿನ್ನೆಲೆ ಅಂದ್ರೆ ಹಾಲಿನ ಡೈರಿ. ಹದಿನೆಂಟು ವರ್ಷ ಸೆಕ್ರೆಟರಿ. ನಾನು ಚಿಕ್ಕೋನಿದ್ದಾಗ ದಲಿತ ಕಾಲೋನಿಯೋರು ಕ್ಯಾನ್ ಹಿಡ್ಕೊಂಡು ಒಂದ್ ಕಡೆ ನಿಂತಿರೋರು, ನಮ್ ಕೇರಿಯೋರದ್ದು ಮುಗಿದ ಮೇಲೆ ಅವ್ರದ್ದು ಅಳೆಯೋದು. ಇವ್ರು ಸೆಕ್ರೆಟರಿ ಆದ ವಾರದಲ್ಲೇ ಯಾರು ಮೊದ್ಲು ಬಂದ್ರೋ ಅವ್ರ ಹಾಲು ಮೊದ್ಲು ಅಂದ್ರು. ಗಲಾಟೆ ಆಯ್ತು, ನಮ್ಮಪ್ಪನೂ ಎರಡು ದಿನ ಹಾಲು ಹಾಕ್ಲಿಲ್ಲ, ಇವ್ರು ಜಗ್ಗಲಿಲ್ಲ. ಬಟವಾಡೆ ದಿನ ಯಾರ್ದು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಲ್ಲಾ ಗೋಡೆಗೆ ಅಂಟಿಸೋರು.

ಈಗ್ಲೂ ಹೇಳ್ತಿರೋದು ಅದನ್ನೇ. ಪಂಚಾಯ್ತಿಗೆ ಬಂದ ದುಡ್ಡು, ಆದ ಖರ್ಚು ಗೋಡೆ ಮೇಲೆ ಬರೆಸ್ತೀನಿ, ಆರು ತಿಂಗಳಿಗೊಂದು ಗ್ರಾಮಸಭೆ ಪುಸ್ತಕದಲ್ಲಿ ಸೈನ್ ಹಾಕ್ಸಿ ಮುಗ್ಸೋಕೆ ಬಿಡಲ್ಲ, ಕೆರೆ ಹೂಳು ಎತ್ತಿಸ್ತೀನಿ, ಪೆಟ್ಟಿಗೆ ಅಂಗಡೀಲಿ ಕದ್ದು ಮಾರೋ ಎಣ್ಣೆ ಪ್ಯಾಕೆಟ್ ನಿಲ್ಲಿಸ್ತೀನಿ. ಇಷ್ಟೇ. ನಾಲೆ ನೀರು ಕೊನೇವರ್ಗೂ ತರ್ತೀರಾ ಅಂತ ಯಾರೋ ಕೇಳಿದ್ದಕ್ಕೆ, "ವಿ.ಸಿ. ನಾಲೆ ಕಾವೇರಿ ನೀರಾವರಿ ನಿಗಮದ್ದು, ಪಂಚಾಯ್ತಿ ಮೆಂಬರ್ ತರ್ತೀನಿ ಅಂದ್ರೆ ಸುಳ್ಳು, ನೀರು ಬಿಡೋ ಸೌಡಿ ಹತ್ರ ನಿಮ್ ಜೊತೆ ಬಂದು ನಿಂತ್ಕೋತೀನಿ" ಅಂದ್ರಂತೆ. 2023ರಲ್ಲಿ ಮಳೆ ಕೈಕೊಟ್ಟು ಕೆ.ಆರ್.ಎಸ್. ತುಂಬದೇ ಹೋದಾಗ ಒಣಗಿದ ಕಬ್ಬು ನೋಡಿದ ನಮಗೆ, ಆಗದ್ದನ್ನ ಆಗಲ್ಲ ಅನ್ನೋನು ಬೇಕು.

ಇನ್ನೊಂದು ವಿಷ್ಯ, ಬರೆಯೋಕೂ ಹೊಟ್ಟೆ ಉರಿಯುತ್ತೆ. ಅದೇ 2023ರಲ್ಲಿ ನಮ್ ಜಿಲ್ಲೇಲಿ ಆಲೆಮನೇಲಿ ಸ್ಕ್ಯಾನಿಂಗ್ ಮಿಷನ್ ಇಟ್ಕೊಂಡು ಹೊಟ್ಟೇಲಿರೋದು ಹೆಣ್ಣೋ ಗಂಡೋ ನೋಡ್ತಿದ್ದ ಜಾಲ ಸಿಕ್ತಲ್ಲ. ಹಂಗೆ ನೋಡೋದು ತಪ್ಪು ಅಂತ 1994ರಿಂದ್ಲೇ ಕಾನೂನಿದೆ. ಬೆಲ್ಲ ಕಾಯ್ಸೋ ಜಾಗ, ಮಕ್ಕಳಾಗಿ ನಾವು ಬಿಸಿಬೆಲ್ಲ ತಿನ್ನೋಕೆ ಓಡಿ ಹೋಗ್ತಿದ್ದ ಜಾಗ ಅದು. ನಂಗೂ ಇಬ್ರು ಹೆಣ್ಮಕ್ಳೇ, ಎರಡನೇದು ಹುಟ್ಟಿದಾಗ ಆಸ್ಪತ್ರೆಗೆ ಬಂದ ನೆಂಟ್ರು ಸಾವಿನ ಮನೆಗೆ ಬಂದಂಗೆ ಕೂತಿದ್ರು. ದೊಡ್ಡಪ್ಪ ಮಾತ್ರ ಒಂದು ಚೊಂಬು ಗಿಣ್ಣು ಹಾಲು ತಂದು, ನಮ್ಮವ್ವನ ಕೈಗೆ ಕೊಟ್ಟು, "ಮನೆಗೆ ಮಗಾ ಬಂದದೆ ಕಣವ್ವ, ಅಳ್ತಾರಾ" ಅಂದ್ರು. ಆ ಆಲೆಮನೆ ಸುದ್ದಿ ಹೊರಗೆ ಬಂದ ವಾರ ಅರಳಿಕಟ್ಟೇಲಿ ಯಜಮಾನ್ರನ್ನೆಲ್ಲ ಕೂರಿಸ್ಕೊಂಡು, ಇಂಥ ಕೆಲಸ ಮಾಡ್ದೋರ ಮನೇಲಿ ನಾನು ನೀರೂ ಕುಡಿಯಲ್ಲ ಅಂದ್ರಂತೆ. ಹೊಸ ಕಾಲದೋರು ಅನ್ನಿಸ್ಕೊಂಡ ನಾವು ಎಷ್ಟು ಜನ ಹಂಗೆ ಎದ್ದು ನಿಂತು ಹೇಳಿದ್ದೀವಿ?

ಎಲ್ಲಾ ಒಪ್ಪಿದೀನಿ ಅಂತಲ್ಲ. ಜಗಳ ಬಂದ್ರೆ ಸ್ಟೇಷನ್ನಿಗೆ ಯಾಕೆ, ಕಟ್ಟೇಲೇ ಬಗೆಹರಿಸೋಣ ಅಂತಾರೆ, ಅಲ್ಲಿ ಹೆಂಗಸ್ರು ದೂರ ನಿಂತು ಕೇಳಿಸ್ಕೊಳೋದೇ ಹೊರತು ಮಾತಾಡೋಕೆ ಜಾಗ ಇಲ್ಲ. ಗಂಡ ಹೊಡ್ದ ಅಂತ ಬಂದೋಳಿಗೆ ಕಟ್ಟೇಲಿ ಏನ್ ನ್ಯಾಯ ಸಿಗುತ್ತೆ? ಮೊನ್ನೆ ಫೋನಲ್ಲಿ ಇದನ್ನೇ ಕೇಳ್ದೆ, "ದೊಡ್ಡಪ್ಪ, ಮಹಿಳಾ ಗ್ರಾಮಸಭೆ ಸರಿಯಾಗಿ ನಡೆಸ್ತೀರಾ, ಅಲ್ಲಿ ಅವ್ರು ಹೇಳಿದ್ದು ಬರ್ಕೋತೀರಾ" ಅಂತ. ವಸಿ ಹೊತ್ತು ಸುಮ್ನಿದ್ರು. ಆಮೇಲೆ "ನಡೆಸ್ಬೇಕು ಕಣ್ಮಗ, ನಂಗದು ಗೊತ್ತಾಗಲ್ಲ, ನಿನ್ ಹೆಂಡ್ತಿ ಬಂದು ಶುರು ಮಾಡಿಕೊಡ್ಲಿ" ಅಂದ್ರು.

ಗ್ರಾಮ ಪಂಚಾಯ್ತಿಗೆ ಪಕ್ಷದ ಗುರುತಿಲ್ಲ, 400 ಜನಕ್ಕೊಬ್ಬ ಮೆಂಬರ್. ಅಷ್ಟು ಜನದಲ್ಲಿ ಯಾರು ಎಂಥೋರು ಅಂತ ಎಲ್ರಿಗೂ ಗೊತ್ತು, ಆದ್ರೂ ಯಾವ ಜನ ಅಂತ್ಲೇ ಕೇಳ್ತೀವಲ್ಲ, ಅದಕ್ಕೆ ಇಷ್ಟೆಲ್ಲ ಬರ್ದೆ. ವೋಟಿನ ದಿನ ಫಸ್ಟ್ ಬಸ್ಸಿಗೆ ನಾವಿಬ್ರೂ ಹೊರಡ್ತೀವಿ, ಹುಡುಗೀರೂ ಬರ್ತಾವ್ರೆ.